ಎಸಿಟಿ ತಂಡ: ಹಣ ಕಡಿಮೆ ಬಿದ್ದರೆ ಯಾವುದನ್ನು ಕೈಬಿಡಬಹುದು?

ಹೊಸತಂಡ_ಕರಡು
ನೂರು ಜನರಿಗೆ ಸೇವೆ ಕೊಡುವ ಎಸಿಟಿ (ಅಸರ್ಟಿವ್ ಕಮ್ಯುನಿಟಿ ಟ್ರೀಟ್‌ಮೆಂಟ್) ತಂಡದ ಕರಡು ಯೋಜನೆ ತಯಾರಾಗುತ್ತಿದೆ. ಗೊತ್ತಿಲ್ಲದವರಿಗೆ ಎರಡು ಮಾತು: ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ತೀವ್ರ ಮನೋರೋಗ ಇದ್ದು, ಮತ್ತೆ ಮತ್ತೆ ಆಸ್ಪತ್ರೆ ಸೇರುವ, ಕ್ಲಿನಿಕ್ಕಿಗೆ ಬನ್ನಿ ಅಂದರೆ ಬಾರದ ವಯಸ್ಕರ ಬಳಿಗೆ ತಂಡವೇ ಹೋಗುವ ಪದ್ಧತಿ ಇದು. ಮನೋವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು, ವ್ಯಸನ ತಜ್ಞರು, ಉದ್ಯೋಗ ತಜ್ಞರು, ಕಾಯಿಲೆಯನ್ನು ತಾವೇ ಅನುಭವಿಸಿ ಬಂದ ಒಡನಾಡಿ ಕಾರ್ಯಕರ್ತರು, ಎಲ್ಲರೂ ಒಂದೇ ತಂಡದಲ್ಲಿ.

ಮಾದರಿಯ ಪ್ರಕಾರ 10 ಜನರಿಗೆ ಒಬ್ಬ ಸಿಬ್ಬಂದಿ, ವೈದ್ಯರನ್ನು ಬಿಟ್ಟು. ಬಜೆಟ್ ನೋಡಿದರೆ 7 ಸಿಬ್ಬಂದಿಗೆ ಮಾತ್ರ ಸಾಕು. ಮೇಲಿನಿಂದ ಬಂದ ಸಲಹೆ ಮೂರು: ದಿನಾ ಬೆಳಗಿನ ಮೀಟಿಂಗ್ ಬದಲು ವಾರಕ್ಕೊಂದು, ಕೇಸುಗಳನ್ನು ಒಬ್ಬೊಬ್ಬರಿಗೆ 14–15ರಂತೆ ಹಂಚಿಬಿಡುವುದು, ತಂಡದವರೇ ಎತ್ತುವ ರಾತ್ರಿ ಫೋನ್ ತೆಗೆದುಹಾಕುವುದು. ಇದರಲ್ಲಿ ಯಾವುದನ್ನು ಬಿಟ್ಟರೆ ನಷ್ಟ ಕಡಿಮೆ?

ಬಿಳಿಹಲಗೆ
ಮೂರನ್ನೂ ಬಿಟ್ಟರೆ ಉಳಿಯುವುದು ಮನೆಮನೆ ತಿರುಗುವ ಏಳು ಜನ. ಅದಕ್ಕೆ ಎಸಿಟಿ ಅಂತ ಬೋರ್ಡ್ ಹಾಕಬೇಡಿ, ಅಷ್ಟು ಉಪಕಾರ ಮಾಡಿ.

ಲೆಕ್ಕದ_ಪುಸ್ತಕ
ಬಿಳಿಹಲಗೆಯವರು ಖಾರವಾಗಿ ಹೇಳಿದರೂ ಸರಿಯಾಗೇ ಹೇಳಿದ್ದಾರೆ. ಈ ಪ್ರಶ್ನೆಗೆ ಆಗಲೇ ಉತ್ತರ ಇದೆ.

1999ರಲ್ಲಿ ಬ್ರಿಟನ್ನಿನ ಯುಕೆ700 ಅಧ್ಯಯನ ಬಂತು. 708 ಜನ. ಅರ್ಧದಷ್ಟು ಜನರ ಕಾರ್ಯಕರ್ತರಿಗೆ ತಲಾ 10–15 ಕೇಸು, ಉಳಿದರ್ಧದವರಿಗೆ ತಲಾ 30–35. ಕೆಲಸದ ರೀತಿ ಬದಲಿಸಲಿಲ್ಲ, ಕೇಸಿನ ಸಂಖ್ಯೆ ಮಾತ್ರ ಇಳಿಸಿದರು. ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಆಮೇಲೆ 2007ರಲ್ಲಿ ಬರ್ನ್ಸ್ ಮತ್ತು ಸಂಗಡಿಗರು 29 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದರು. ಎರಡು ವಿಷಯ ಎದ್ದು ಕಂಡವು. ಒಂದು, ಆಸ್ಪತ್ರೆ ಬಳಕೆ ಮೊದಲೇ ಜಾಸ್ತಿ ಇದ್ದ ಕಡೆ ಇಂಥ ತಂಡ ಕೆಲಸ ಮಾಡುತ್ತದೆ. ಮೊದಲೇ ಕಡಿಮೆ ಇದ್ದರೆ ಇಳಿಸುವುದಕ್ಕೆ ಏನೂ ಇರುವುದಿಲ್ಲ. ಎರಡು, ತಂಡದ ಸಂಘಟನೆ ಎಸಿಟಿಯನ್ನು ಹೋಲಿದಷ್ಟೂ ಆಸ್ಪತ್ರೆ ವಾಸ ಇಳಿಯಿತು; ಎಸಿಟಿ ಹೇಳುವ ಸಿಬ್ಬಂದಿ ಸಂಖ್ಯೆ ಇದ್ದುದರಿಂದ ಅಂಥ ಇಳಿಕೆ ಕಾಣಲಿಲ್ಲ.

ನಿಮ್ಮ ಮೇಲಿನವರು ಕೈ ಹಾಕಿರುವುದು ಆ ಸಂಘಟನೆಗೇ. ದಿನದ ಮೀಟಿಂಗ್, ಹಂಚಿಕೊಂಡ ಕೇಸ್ ಪಟ್ಟಿ (ಎಲ್ಲ ಕೇಸೂ ಇಡೀ ತಂಡದ್ದು) ಎರಡೂ ಅದರಲ್ಲೇ ಬರುತ್ತವೆ.

ಒಂಟಿಸಲಗ
ಅಂಕಿ ಬದಿಗಿಡಿ ಸ್ವಾಮಿ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಅಂತ ನಂಬಿರುವ ಮನುಷ್ಯನ ಬಾಗಿಲಿಗೆ ಸೋಮವಾರ ಒಬ್ಬರು, ಬುಧವಾರ ಇನ್ನೊಬ್ಬರು, ಶುಕ್ರವಾರ ಮತ್ತೊಬ್ಬರು ಹೋಗಿ ನಿಂತರೆ ಅವನ ಅನುಮಾನಕ್ಕೆ ನೀವೇ ಸಾಕ್ಷಿ ಒದಗಿಸಿದ ಹಾಗೆ. ನಂಬಿಕೆ ಹುಟ್ಟುವುದು ಒಬ್ಬರ ಜೊತೆ. ಹಂಚಿಕೊಂಡ ಕೇಸ್ ಪಟ್ಟಿ ಕಚೇರಿಗೆ ಅನುಕೂಲ, ಕಾಯಿಲೆಯವರಿಗಲ್ಲ.

ಬಾಗಿಲಾಚೆ
@ಒಂಟಿಸಲಗ ನಿಮ್ಮ ಆತಂಕ ಸರಿ, ಆದರೆ ನೀವು ಬೈಯುತ್ತಿರುವುದು ಕೆಟ್ಟದಾಗಿ ನಡೆಸಿದ ಎಸಿಟಿಯನ್ನು. ಪ್ರತಿಯೊಬ್ಬರ ಬಳಿಗೂ ಹತ್ತೂ ಜನ ಸರದಿಯಲ್ಲಿ ಹೋಗಬೇಕು ಅಂತ ಎಲ್ಲೂ ಇಲ್ಲ. ತಂಡದೊಳಗೆ ಪ್ರತಿ ವ್ಯಕ್ತಿಗೆ 3ರಿಂದ 5 ಜನರ ಒಂದು ಚಿಕ್ಕ ಗುಂಪು ಇರುತ್ತದೆ. ಅದರಲ್ಲಿ ಒಬ್ಬರು ಮುಖ್ಯ ಹೊಣೆಗಾರರು. ಚಿಕಿತ್ಸಾ ಯೋಜನೆ ಬರೆಯುವುದು, ಮನೆಯವರ ಜೊತೆ ಮಾತಾಡುವುದು ಅವರ ಕೆಲಸ. ಉಳಿದವರು ಆಯಾ ಅಗತ್ಯಕ್ಕೆ: ಇಂಜೆಕ್ಷನ್ನಿಗೆ ನರ್ಸ್, ಕೆಲಸ ಹುಡುಕುವುದಕ್ಕೆ ಉದ್ಯೋಗ ತಜ್ಞರು.

ತಂಡ ಎಸಿಟಿ ಮಾದರಿಯನ್ನು ಎಷ್ಟು ಪಾಲಿಸುತ್ತಿದೆ ಅಂತ ಅಳೆಯುವ ಡಾಕ್ಟ್ಸ್ ಎಂಬ ಅಳತೆಪಟ್ಟಿ (28 ಅಂಶ, ಪ್ರತಿಯೊಂದಕ್ಕೂ 1ರಿಂದ 5 ಅಂಕ) ಕೇಳುವುದು ಇಷ್ಟೇ: ಎರಡು ವಾರದಲ್ಲಿ ತಂಡದ ಒಬ್ಬರಿಗಿಂತ ಹೆಚ್ಚು ಜನರನ್ನು ಮುಖತಃ ಕಂಡವರು ಶೇ. 90ರಷ್ಟಿದ್ದರೆ ಪೂರ್ಣ ಅಂಕ. ಇಬ್ಬರು ಸಾಕು. ಹತ್ತು ಜನ ಬೇಡ.

ಹೊಸಬರ ವಿಷಯದಲ್ಲಿ ಮೊದಲ ಕೆಲವು ವಾರ ಒಂದೇ ಮುಖ ಹೋಗಲಿ. ಎರಡನೆಯವರನ್ನು ಆ ಮೊದಲನೆಯವರೇ ಕರೆದುಕೊಂಡು ಹೋಗಿ ಪರಿಚಯಿಸಲಿ. ಮೂರನೆಯವರಿಗೂ ಅದೇ ಕ್ರಮ. ಪರಿಚಯವಿಲ್ಲದವರನ್ನು ಒಬ್ಬರನ್ನೇ ಬಾಗಿಲಿಗೆ ಕಳಿಸಿದರೆ ನೀವು ಹೇಳಿದ್ದೇ ಆಗುತ್ತದೆ.

ಒಂಟಿಸಲಗ
ಮೂರರಿಂದ ಐದು ಅಂದರೆ ಒಪ್ಪಬಹುದು. ಆದರೆ ಆ ಮುಖ್ಯ ಹೊಣೆಗಾರರು ಕೆಲಸ ಬಿಟ್ಟರೆ?

ಬಾಗಿಲಾಚೆ
ಅದಕ್ಕೇ ಅಲ್ಲವೇ ಉಳಿದವರು ಇರುವುದು! ಒಬ್ಬರ ಕೈಯಲ್ಲೇ 15 ಕೇಸು ಇಟ್ಟು ಆ ಒಬ್ಬರು ಹೋದರೆ 15 ಜನ ಒಂದೇ ದಿನ ಅನಾಥ. ಗುಂಪಿದ್ದರೆ ಪ್ರತಿಯೊಬ್ಬರಿಗೂ ಇನ್ನೂ ಎರಡು ಮೂರು ಪರಿಚಿತ ಮುಖ ಉಳಿದಿರುತ್ತದೆ. ನಿಮ್ಮ ಪ್ರಶ್ನೆಯೇ ನಿಮ್ಮ ವಾದಕ್ಕೆ ಉತ್ತರ.

ಚಹಾವಿರಾಮ
ಸಲಗ ಸ್ವಲ್ಪ ಹಿಂದೆ ಸರಿಯಿತು 😀

ಬಿಳಿಹಲಗೆ
ಬೆಳಗಿನ ಮೀಟಿಂಗನ್ನು ಯಾರೂ ಸರಿಯಾಗಿ ವಿವರಿಸುವುದಿಲ್ಲ. ಅದಕ್ಕೇ ಅದು ಹರಟೆ ಅನ್ನಿಸಿ ಮೊದಲ ಕತ್ತರಿ ಅದಕ್ಕೇ ಬೀಳುತ್ತದೆ. ನಡೆಯಬೇಕಾದ್ದು ಹೀಗೆ:

ಒಬ್ಬರು ಪಟ್ಟಿ ಹಿಡಿದು ನೂರೂ ಹೆಸರು ಓದುತ್ತಾರೆ, ಒಂದನ್ನೂ ಬಿಡದೆ. ಪ್ರತಿ ಹೆಸರಿಗೆ ಹಿಂದಿನ 24 ಗಂಟೆಯಲ್ಲಿ ಕಂಡವರು ಒಂದೆರಡು ವಾಕ್ಯ ಹೇಳುತ್ತಾರೆ: "ಕಂಡೆ. ಮಾತ್ರೆ ತಗೊಂಡರು. ನಿದ್ದೆ ಎರಡು ದಿನದಿಂದ ಇಲ್ಲ." ಯಾರೂ ಕಾಣದಿದ್ದರೆ "ಭೇಟಿ ಇರಲಿಲ್ಲ" ಅಥವಾ "ಹೋದೆ, ಸಿಗಲಿಲ್ಲ". ಈ ಎರಡು ಮಾತು ಬೇರೆ ಬೇರೆ, ಕಲಸಬೇಡಿ. ಹೆಸರಿಗೆ ಸರಾಸರಿ 30 ಸೆಕೆಂಡ್ ಹಿಡಿದರೆ ನೂರು ಹೆಸರಿಗೆ 50 ನಿಮಿಷ. ಚರ್ಚೆ ಬೇಕಾದ ಹೆಸರು ಬಂದರೆ ಗುರುತು ಹಾಕಿ ಮುಂದೆ ಹೋಗಬೇಕು. ಮೀಟಿಂಗ್ ಮುಗಿದ ಮೇಲೆ ಆ ಚಿಕ್ಕ ಗುಂಪು ಮಾತ್ರ ಕೂತು ಮಾತಾಡಲಿ.

ಮುಂದಿನ ಹಂತವೇ ಮುಖ್ಯ. ಪ್ರತಿ ವ್ಯಕ್ತಿಗೂ ವಾರದ ಕಾರ್ಡ್ ಒಂದು ಇರುತ್ತದೆ: ಯಾವ ದಿನ, ಎಷ್ಟು ಹೊತ್ತಿಗೆ, ಯಾತಕ್ಕೆ ಭೇಟಿ. ಆ ಕಾರ್ಡುಗಳಿಂದ ಇವತ್ತಿನ ಕೆಲಸ ಎತ್ತಿ ಹಲಗೆಗೆ ಬರೆದು, ಅದಕ್ಕೆ ಈಗಷ್ಟೇ ಕೇಳಿದ ತುರ್ತು ಸೇರಿಸಿ, ಪ್ರತಿ ಸಾಲಿನ ಮುಂದೆ ಒಂದು ಹೆಸರು ಹಾಕುವುದು. ಹೆಸರಿಲ್ಲದ ಸಾಲು ಉಳಿದಿರುವಾಗ ಯಾರೂ ಎದ್ದು ಹೋಗುವಂತಿಲ್ಲ. ಎಸಿಟಿಯ ಎಂಜಿನ್ ಇದೇ.

ಹಾಳಾಗುವುದು ಎಲ್ಲಿ? ಕಥೆ ಹೇಳುವವರಿಂದ. ಒಬ್ಬರ ಬಗ್ಗೆ 12 ನಿಮಿಷ ಹೋದರೆ ಕೊನೆಯ 20 ಹೆಸರು ಓಡುತ್ತವೆ. ಪಟ್ಟಿ ದಿನಾ ಒಂದೇ ಅಕ್ಷರದಿಂದ ಶುರುವಾದರೆ ದಿನಾ ಅದೇ 20 ಜನ ಓಟದಲ್ಲಿ ಸಿಕ್ಕಿಬೀಳುತ್ತಾರೆ. ದಿನ ಬಿಟ್ಟು ದಿನ ಕೆಳಗಿನಿಂದ ಓದಿ.

ಸೂಜಿಮೊನೆ
ವಾರಕ್ಕೊಂದು ಮೀಟಿಂಗ್ ಅಂದವರಿಗೆ ಕ್ಲೋಜಪಿನ್ ಅಂದರ ಏನು ಗೊತ್ತೈತೇನ್ರೀ? ಸ್ಕಿಜೋಫ್ರೀನಿಯಾಕ್ಕ ಕೊಡೋ ಮಾತ್ರೆ ಅದು. 48 ತಾಸಿಗಿಂತ ಹೆಚ್ಚು ಡೋಸ್ ತಪ್ಪಿತಂದ್ರ ಹಳೇ ಡೋಸ್ ಒಮ್ಮಿಗೇ ಕೊಡಂಗಿಲ್ಲ. 12.5 ಮಿಲಿಗ್ರಾಂನಿಂದ ಮತ್ತ ಏರಿಸಬೇಕು. ಇಲ್ಲಂದ್ರ ಬಿಪಿ ಕುಸಿದು ಬೀಳ್ತಾರ, ಫಿಟ್ಸ್ ಬರಬಹುದು. ಗುರುವಾರ ಮಾತ್ರೆ ಬಿಟ್ಟಿದ್ದು ಮಂಗಳವಾರದ ಮೀಟಿಂಗ್‌ನ್ಯಾಗ ಗೊತ್ತಾದ್ರ ಏನು ಮಾಡ್ತೀರಿ? ದಿನಾ ಮೀಟಿಂಗ್ ಇದ್ರ ಶುಕ್ರವಾರ ಮುಂಜಾನೆ ಗೊತ್ತಾಗ್ತದ, ಇನ್ನೂ ವೇಳ್ಯಾ ಇರ್ತದ.

ಶನಿವಾರ, ಭಾನುವಾರ ಯಾರೂ ಇಲ್ಲಂದ್ರೂ ಇದೇ ಗತಿ. ಶುಕ್ರವಾರ ರಾತ್ರಿ ತಪ್ಪಿದ್ದು ಸೋಮವಾರ ಮುಂಜಾನೆ ತಿಳಿದ್ರ 48 ತಾಸು ದಾಟೇ ಹೋಗಿರ್ತದ.

ಔಷಧಿ_ಚೀಟಿ
ಸೂಜಿಮೊನೆಯವರ ಮಾತಿಗೆ ಇದನ್ನೂ ಸೇರಿಸಿ: ಸಿಗರೇಟು. ಹೊಗೆಯಲ್ಲಿರುವ ಟಾರಿನ ರಾಸಾಯನಿಕಗಳು ಯಕೃತ್ತಿನ ಸಿವೈಪಿ1ಎ2 ಕಿಣ್ವವನ್ನು ಚುರುಕು ಮಾಡುತ್ತವೆ. ಅದು ಕ್ಲೋಜಪಿನ್ನನ್ನು ಬೇಗ ಒಡೆದುಹಾಕುತ್ತದೆ. ಧೂಮಪಾನ ನಿಷೇಧ ಇರುವ ವಾರ್ಡಿಗೆ ಸೇರಿದ ಮೇಲೆ ಕಿಣ್ವ ನಿಧಾನವಾಗಿ, ಒಂದು ವಾರದೊಳಗೆ ರಕ್ತದಲ್ಲಿ ಔಷಧದ ಮಟ್ಟ ಒಂದೂವರೆ ಪಟ್ಟಾಗುವುದುಂಟು. ವಾರ್ಡಿನಲ್ಲಿ ಜೊಲ್ಲು, ಮಂಪರು ನೋಡಿ ಡೋಸ್ ಇಳಿಸುತ್ತಾರೆ. ಡಿಸ್ಚಾರ್ಜ್ ಆದ ದಿನವೇ ಮನುಷ್ಯ ಸಿಗರೇಟು ಹಚ್ಚುತ್ತಾನೆ. ಮಟ್ಟ ಕುಸಿಯುತ್ತದೆ, ಕೆಲವೇ ವಾರದಲ್ಲಿ ಧ್ವನಿಗಳು ವಾಪಸ್. ಎಲ್ಲರೂ ಹೇಳುವುದು ಒಂದೇ: "ಮಾತ್ರೆ ತಗೊಳ್ತಿಲ್ಲ." ಪಾಪ, ತಗೊಳ್ತಾನೇ ಇರ್ತಾನೆ.

ಡಿಸ್ಚಾರ್ಜ್ ಚೀಟಿಯಲ್ಲಿ ಡೋಸ್ ಬದಲಾಗಿದ್ದರೆ ಮೊದಲ ಪ್ರಶ್ನೆ "ಈಗ ದಿನಕ್ಕೆ ಎಷ್ಟು ಸೇದ್ತೀರಿ?" ಅಂತಿರಲಿ. ನಿಕೋಟಿನ್ ಪ್ಯಾಚ್, ಚೂಯಿಂಗ್ ಗಮ್‌ನಿಂದ ಈ ಬದಲಾವಣೆ ಆಗುವುದಿಲ್ಲ. ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಇನ್ನೊಂದು, ಪ್ರತಿ ಭೇಟಿಯಲ್ಲೂ ಮಲಬದ್ಧತೆ ಕೇಳಿ. ನಾಚಿಕೆಗೆ ಯಾರೂ ತಾವಾಗಿ ಹೇಳುವುದಿಲ್ಲ, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಕರುಳು ಕಟ್ಟಿ ಜೀವ ಹೋಗುವುದೂ ಇದೆ.

ಚಹಾವಿರಾಮ
ಬಜೆಟ್ ಪ್ರಶ್ನೆ ಕೇಳಿದವರು ಈಗ ಮಲಬದ್ಧತೆ ಓದುತ್ತಿದ್ದಾರೆ.

ಸೂಜಿಮೊನೆ
ಓದ್ಲಿ ಬಿಡ್ರಿ, ಒಳ್ಳೇದು. ಡಿಪೋ ಇಂಜೆಕ್ಷನ್ (ಒಮ್ಮೆ ಕೊಟ್ರ ವಾರಗಟ್ಟಲೆ ಕೆಲಸ ಮಾಡೋ ಸೂಜಿ) ಕ್ಯಾಲೆಂಡರ್ ಬಗ್ಗೆನೂ ಹೇಳಿಬಿಡ್ತೀನಿ. ಬರೀ ದಿನಾಂಕ ಬರೀಬ್ಯಾಡ್ರಿ, "ಇದನ್ನ ದಾಟಿದ್ರ ಕಷ್ಟ" ಅನ್ನೋ ದಿನಾಂಕನೂ ಬರೀರಿ. ತಿಂಗಳಿಗೊಮ್ಮೆ ಕೊಡೋ ಪ್ಯಾಲಿಪೆರಿಡೋನ್ ತಗೋರಿ: ಮೊದಲನೇ ದಿನ 150, ಎಂಟನೇ ದಿನ 100 ಮಿಲಿಗ್ರಾಂ, ಎರಡು ಸೂಜಿನೂ ತೋಳಿಗೇ. ಆ ಎಂಟನೇ ದಿನದ್ದು 4 ದಿನ ಹಿಂದ ಮುಂದ ಆದ್ರ ನಡೀತದ. ಆಮ್ಯಾಲಿನ ತಿಂಗಳಿನ ಡೋಸ್ 7 ದಿನ ಹಿಂದ ಮುಂದ. ಕೊನೇ ಡೋಸ್ ಆಗಿ 6 ವಾರ ದಾಟಿತಂದ್ರ ಒಂದು ಸೂಜಿಗೆ ಮುಗಿಯಂಗಿಲ್ಲ, ವಾರದ ಅಂತರದಾಗ ಎರಡು ಕೊಡಬೇಕು. 6 ತಿಂಗಳು ದಾಟಿದ್ರ ಮೊದಲಿನಿಂದ ಶುರು.

ಒಲಾಂಜಪಿನ್ ಪಾಮೊಯೇಟ್ ಅನ್ನೋ ಡಿಪೋ ಸೂಜಿ ಮನಿಯಾಗ ಕೊಡಂಗೇ ಇಲ್ಲ. ಔಷಧ ತಪ್ಪಿ ರಕ್ತಕ್ಕ ಒಮ್ಮೆಲೇ ಸೇರಿದ್ರ ಭಾರೀ ಮಂಪರು ಬರ್ತದ, ಅದಕ್ಕ ಆಸ್ಪತ್ರೆಯಾಗ 3 ತಾಸು ಕಣ್ಣಿಟ್ಟು ಕೂಡಿಸಬೇಕು. ಭೇಟಿಗೆ ಹೋಗೋ ತಂಡ ಈ ಔಷಧ ಆರಿಸೋ ಮೊದಲು ಎರಡು ಸಲ ವಿಚಾರ ಮಾಡ್ರಿ.

ಹೊಸತಂಡ_ಕರಡು
ಮಲಬದ್ಧತೆ ಸಮೇತ ಎಲ್ಲ ಬರೆದುಕೊಂಡೆ 🙂 ಮೀಟಿಂಗ್ ಉಳಿಯಲಿ, ಕೇಸ್ ಪಟ್ಟಿಯೂ ಹಂಚಿಕೊಂಡೇ ಇರಲಿ. ಹಾಗಾದರೆ 7 ಜನರಲ್ಲಿ 100 ಜನರನ್ನು ನೋಡುವುದು ಹೇಗೆ?

ಲೆಕ್ಕದ_ಪುಸ್ತಕ
ನೋಡಬೇಡಿ. ಕೈಬಿಡಬೇಕಾದ್ದು ಆ ನೂರನ್ನು.

ಡಾಕ್ಟ್ಸ್‌ನಲ್ಲಿ ಪೂರ್ಣ ಅಂಕ ಬೇಕಾದರೆ ಒಬ್ಬೊಬ್ಬರಿಗೆ ವಾರಕ್ಕೆ 4 ಭೇಟಿ, ಒಟ್ಟು 2 ಗಂಟೆ, ಅದರಲ್ಲಿ ಶೇ. 80 ಕಚೇರಿಯ ಹೊರಗೆ. 100 ಜನಕ್ಕೆ ವಾರಕ್ಕೆ 200 ಗಂಟೆ ಮುಖಾಮುಖಿ. 7 ಜನಕ್ಕೆ ಹಂಚಿದರೆ ತಲಾ ಸುಮಾರು 28 ಗಂಟೆ. 40 ಗಂಟೆಯ ವಾರದಲ್ಲಿ ಮೀಟಿಂಗ್ 5 ಗಂಟೆ, ಬರವಣಿಗೆ 5 ಗಂಟೆ ಕಳೆದರೆ ಓಡಾಟಕ್ಕೆ 2 ಗಂಟೆ ಉಳಿಯಿತು. ಒಬ್ಬರು ರಜೆ ಹಾಕಿದ ವಾರ ಎಲ್ಲ ಕುಸಿಯುತ್ತದೆ.

ಸಣ್ಣ ತಂಡಕ್ಕೆ ಅಮೆರಿಕದ ಮಾನದಂಡ ಹೇಳುವುದು ಇನ್ನೂ ಬಿಗಿ: 8 ಜನರಿಗೆ ಒಬ್ಬ. ಸಣ್ಣ ತಂಡಗಳು ಸಾಮಾನ್ಯವಾಗಿ ಹಳ್ಳಿಗಾಡಿನಲ್ಲಿರುವುದರಿಂದ ಓಡಾಟ ಹೆಚ್ಚು, ಸರದಿಗೆ ಜನ ಕಡಿಮೆ. ಆ ಲೆಕ್ಕದಲ್ಲಿ ನಿಮ್ಮ 7 ಜನಕ್ಕೆ 56.

ಒಂಟಿಸಲಗ
ಉಳಿದ 44 ಜನರಿಗೆ ಏನು ಹೇಳುತ್ತೀರಿ? "ಅಳತೆಪಟ್ಟಿಯಲ್ಲಿ ಜಾಗ ಇಲ್ಲ" ಅಂತಲೇ?

ಬಾಗಿಲಾಚೆ
ಇದು ನ್ಯಾಯವಾದ ಪ್ರಶ್ನೆ. ನೆದರ್ಲೆಂಡ್ಸ್‌ನವರ ಫ್ಯಾಕ್ಟ್ ಮಾದರಿ ಹುಟ್ಟಿದ್ದೇ ಇದಕ್ಕೆ. ಒಂದೇ ತಂಡ ಸುಮಾರು 200 ಜನರನ್ನು ನೋಡುತ್ತದೆ. ಬಹುಪಾಲು ಜನರಿಗೆ ಒಬ್ಬ ಹೊಣೆಗಾರರ ಸಾಮಾನ್ಯ ಭೇಟಿ. ಪರಿಸ್ಥಿತಿ ಬಿಗಡಾಯಿಸಿದವರ ಹೆಸರು ಹಲಗೆಗೆ ಏರುತ್ತದೆ, ಏರಿದ ಕೂಡಲೇ ಇಡೀ ತಂಡ ಎಸಿಟಿ ರೀತಿಯಲ್ಲಿ ಅವರನ್ನು ನೋಡಿಕೊಳ್ಳುತ್ತದೆ. ಬೆಳಗಿನ ಮೀಟಿಂಗಿನಲ್ಲಿ ಹಲಗೆಯ ಮೇಲಿರುವವರ ಹೆಸರು ಮಾತ್ರ. ಸುಧಾರಿಸಿದರೆ ಹೆಸರು ಇಳಿಯುತ್ತದೆ, ತಂಡ ಬದಲಾಗುವುದಿಲ್ಲ.

ಇದರ ಅಪಾಯ: ಹಲಗೆಗೆ ಏರಿಸಲು ಮೈಗಳ್ಳತನ. ಮನೆಯವರೋ ಕಾರ್ಯಕರ್ತರೋ, ಯಾರು ಕೇಳಿದರೂ ಅವತ್ತೇ ಏರಿಸಬೇಕು. ಇಳಿಸುವುದಕ್ಕೆ ಮಾತ್ರ ತಂಡದ ಒಪ್ಪಿಗೆ ಬೇಕು ಅಂತ ನಿಯಮ ಮಾಡಿಕೊಂಡರೆ ವಾಸಿ.

ಬಿಳಿಹಲಗೆ
ಫ್ಯಾಕ್ಟ್ ಅಂದರೆ ಅಗ್ಗದ ಎಸಿಟಿ ಅಂತ ಮೇಲಿನವರಿಗೆ ಕೇಳಿಸದಿರಲಿ. 7 ಜನರಲ್ಲಿ 200 ಅಂತ ಹೊರಟುಬಿಡುತ್ತಾರೆ.

ರಾತ್ರಿಪಾಳಿ
ಸೇರ್ಪಡೆಯ ವೇಗದ ಬಗ್ಗೆ ಯಾರೂ ಮಾತಾಡಲಿಲ್ಲ. ತಿಂಗಳಿಗೆ 6ಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳಬಾರದು. 56 ತುಂಬಲು 9–10 ತಿಂಗಳು, 100 ಆಗಿದ್ದರೆ ಒಂದೂವರೆ ವರ್ಷದ ಹತ್ತಿರ. ಹಣ ಕೊಟ್ಟವರು ಮೂರನೇ ತಿಂಗಳಿಗೇ "ಇನ್ನೂ 18 ಜನವೇ?" ಅಂತ ಕೇಳುತ್ತಾರೆ. ಆಗ ಹೆದರಿ 20 ಜನರನ್ನು ಒಟ್ಟಿಗೆ ತುಂಬಿಕೊಂಡರೆ ಎಲ್ಲರಿಗೂ ಒಂದೇ ಸಲ ಮನೆ, ಔಷಧ, ಪಿಂಚಣಿ ಕಾಗದ ಪತ್ರ. ತಂಡ ಅವತ್ತು ಮಾತ್ರೆ ಹಂಚುವ ವ್ಯಾನ್ ಆಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಸೇರ್ಪಡೆ ವೇಳಾಪಟ್ಟಿಯನ್ನು ಒಪ್ಪಂದದಲ್ಲೇ ಬರೆಸಿ.

ರಾತ್ರಿ ಫೋನ್: 7 ಜನ ಇದ್ದರೆ ವಾರಕ್ಕೊಂದು ರಾತ್ರಿ ಒಬ್ಬೊಬ್ಬರಿಗೆ. ಹೆಚ್ಚಿನ ಕರೆ ಫೋನಿನಲ್ಲೇ ಮುಗಿಯುತ್ತದೆ, ಆದರೆ ಮುಗಿಯುವುದು ಎತ್ತಿದವರಿಗೆ ಆ ಧ್ವನಿಯ ಪರಿಚಯ ಇದ್ದಾಗ. ಸಾಮಾನ್ಯ ಸಹಾಯವಾಣಿಗೆ ತಿರುಗಿಸಿದರೆ ಅವರು ಮನುಷ್ಯನನ್ನು ತಿಳಿಯದವರು, ಅಪಾಯ ಬೇಡ ಅಂತ ತುರ್ತು ವಿಭಾಗಕ್ಕೆ ಕಳಿಸುತ್ತಾರೆ. ತಪ್ಪಿಸಬಹುದಾದ ದಾಖಲಾತಿ ಅಲ್ಲಿಂದಲೇ ಶುರು. ಫೋನ್ ಹಿಡಿದವರ ಕೈಯಲ್ಲಿ ಪ್ರತಿಯೊಬ್ಬರ ಒಂದು ಪುಟದ ಬಿಕ್ಕಟ್ಟು ಯೋಜನೆ ಇರಲಿ: ಕೆಡುವ ಮುನ್ನ ಕಾಣುವ ಲಕ್ಷಣ, ಸಮಾಧಾನವಾಗುವ ರೀತಿ, ಯಾರನ್ನು ಕರೆಯಬಹುದು, ಯಾರನ್ನು ಕರೆಯಲೇಬಾರದು. ಅವರ ಬೆನ್ನಿಗೆ ವೈದ್ಯರೊಬ್ಬರು ಫೋನಿಗೆ ಸಿಗಬೇಕು.

ನೇರನುಡಿ
ಇಷ್ಟೆಲ್ಲ ಓದಿದ ಮೇಲೆ ಒಂದು ಸಂದೇಹ. ವಾರಕ್ಕೆ ನಾಲ್ಕು ಸಲ ಬಾಗಿಲು ತಟ್ಟುವುದು, ಮಾತ್ರೆ ನುಂಗುವುದನ್ನು ನೋಡುವುದು, ಬಾರದಿದ್ದರೆ ಹುಡುಕಿಕೊಂಡು ಹೋಗುವುದು. ಇದು ಚಿಕಿತ್ಸೆಯೋ, ಕಾವಲೋ? ಹೆಸರಲ್ಲೇ "ಅಸರ್ಟಿವ್" ಅಂತ ಇದೆ.

ಚಹಾವಿರಾಮ
ಅದಕ್ಕೆ ಕನ್ನಡ ಏನು ಅಂತ ಮೊದಲು ತೀರ್ಮಾನಿಸಿ. "ಬೆನ್ನುಬಿಡದ ಚಿಕಿತ್ಸೆ" ಅಂದರೆ ಬೇತಾಳ ನೆನಪಾಗುತ್ತದೆ.

ಒಡನಾಡಿ
@ನೇರನುಡಿ ಇದನ್ನು ಕೇಳಲೇಬೇಕಿತ್ತು. ಬೆನ್ನುಬಿಡಬಾರದು ಅಂತ ಹೇಳಿರುವುದು ತಂಡಕ್ಕೆ, "ಒಂದು ಸಲ ಬಾಗಿಲು ತೆಗೆಯಲಿಲ್ಲ, ಕೇಸ್ ಮುಚ್ಚಿ" ಅನ್ನಬೇಡಿ ಅಂತ. ಮನುಷ್ಯನನ್ನು ಬಗ್ಗಿಸುವುದಕ್ಕಲ್ಲ. ಆದರೆ ಜಾರುವುದು ಸುಲಭ. ಬಲವಂತ ನುಸುಳುವುದು ಹೆಚ್ಚಾಗಿ ಹಣ ಮತ್ತು ಮನೆಯ ಮೂಲಕ. ತಂಡವೇ ಅವರ ಪಿಂಚಣಿ ಹಣ ಇಟ್ಟುಕೊಂಡಿದ್ದರೆ "ಮೊದಲು ಇಂಜೆಕ್ಷನ್, ಆಮೇಲೆ ದುಡ್ಡು" ಅನ್ನುವ ಮಾತು ಬಾಯಿಗೆ ಬಂದೇ ಬರುತ್ತದೆ. ಆದ್ದರಿಂದ ಹಣ ಕೊಡುವ ದಿನ ಮತ್ತು ಇಂಜೆಕ್ಷನ್ ದಿನ ಬೇರೆ ಇರಲಿ, ಕೊಡುವವರೂ ಬೇರೆ ಇರಲಿ. ಔಷಧ ಒಪ್ಪದವರಿಗೂ ಮನೆ ಹುಡುಕುವುದು, ಕೆಲಸ ಹುಡುಕುವುದು ನಿಲ್ಲಬಾರದು. ಕೆನಡಾದ ಐದು ನಗರಗಳಲ್ಲಿ ನಡೆದ ಅಟ್ ಹೋಮ್ ಯೋಜನೆಯಲ್ಲಿ ಚಿಕಿತ್ಸೆಗೆ ಒಪ್ಪಬೇಕೆಂಬ ಷರತ್ತಿಲ್ಲದೆ ಮೊದಲು ಮನೆ ಕೊಟ್ಟರು, ಹೆಚ್ಚಿನ ಅಗತ್ಯ ಇದ್ದವರಿಗೆ ಜೊತೆಗೆ ಎಸಿಟಿ ತಂಡ.

ಬಾಗಿಲ ಬಳಿ ಮಾನ ಉಳಿಸುವುದೂ ಇದರಲ್ಲೇ ಬರುತ್ತದೆ. ಗಾಡಿಯ ಮೇಲೆ ಸಂಸ್ಥೆಯ ಹೆಸರು ಬೇಡ, ಗುರುತಿನ ಚೀಟಿ ಜೇಬಿನೊಳಗೆ ಇರಲಿ, ಪಕ್ಕದ ಮನೆಯವರು ಕೇಳಿದರೆ ಏನು ಹೇಳಬೇಕು ಅಂತ ಮೊದಲೇ ಆ ವ್ಯಕ್ತಿಯನ್ನೇ ಕೇಳಿಟ್ಟುಕೊಳ್ಳಿ.

ಇನ್ನು ಒಡನಾಡಿ ಕಾರ್ಯಕರ್ತರ ಹುದ್ದೆ. ಏಳರಲ್ಲಿ ಅದಕ್ಕೇ ಕತ್ತರಿ ಹಾಕಬೇಡಿ. ಇಟ್ಟುಕೊಂಡು ಡ್ರೈವರ್ ಕೆಲಸ ಕೊಡುವುದೂ ಬೇಡ. ಬೆಳಗಿನ ಮೀಟಿಂಗಿನಲ್ಲಿ ಕುರ್ಚಿ, ದಾಖಲೆ ಬರೆಯುವ ಹಕ್ಕು, ಸಮಾನ ಕೆಲಸಕ್ಕೆ ಸಮಾನ ಸಂಬಳ, ಇವು ಮೂರೂ ಇಲ್ಲದಿದ್ದರೆ ಅದು ಅಲಂಕಾರದ ಹುದ್ದೆ.

ನೇರನುಡಿ
ಹಣದ ದಿನ, ಇಂಜೆಕ್ಷನ್ ದಿನ ಬೇರೆ ಮಾಡುವುದು, ಇದು ನನಗೆ ಹೊಳೆದಿರಲಿಲ್ಲ. ಸಂದೇಹ ಪೂರ್ತಿ ಹೋಗಿಲ್ಲ, ಆದರೂ ಧನ್ಯವಾದ.

ಲೆಕ್ಕದ_ಪುಸ್ತಕ
ನೇರನುಡಿಯವರ ಪರವಾಗಿಯೂ ಒಂದು ಅಂಕಿ: ಲಂಡನ್ನಿನ ರಿಯಾಕ್ಟ್ ಪ್ರಯೋಗ (2006, 251 ಜನ) ಆಸ್ಪತ್ರೆ ವಾಸದಲ್ಲಿ ವ್ಯತ್ಯಾಸ ತೋರಿಸಲಿಲ್ಲ. ಆದರೆ ಸೇವೆಯ ಜೊತೆ ನಂಟು ಉಳಿಸಿಕೊಂಡವರು, ತೃಪ್ತಿ ಹೇಳಿದವರು ಎಸಿಟಿ ಕಡೆಯೇ ಹೆಚ್ಚು. ಕಾವಲು ಅನ್ನಿಸಿದ್ದರೆ ಹಾಗಾಗುತ್ತಿತ್ತೇ?

ನೇರನುಡಿ
ಹಾಗಾದರೆ ಯಾವಾಗ ಬಿಡುತ್ತೀರಿ? ಸಾಯುವ ತನಕವೇ?

ಬಾಗಿಲಾಚೆ
ಹಳೆಯ ಉತ್ತರ "ಕಾಲಮಿತಿ ಇಲ್ಲ". ಅದಕ್ಕೆ ಕಾರಣ ಇತ್ತು. ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ 1970ರ ದಶಕದಲ್ಲಿ ಸ್ಟೈನ್ ಮತ್ತು ಟೆಸ್ಟ್ ಈ ಪದ್ಧತಿ ಶುರು ಮಾಡಿ, 14 ತಿಂಗಳ ನಂತರ ಜನರನ್ನು ಮಾಮೂಲಿ ಸೇವೆಗೆ ವಾಪಸ್ ಕಳಿಸಿದಾಗ ಬಂದ ಲಾಭದಲ್ಲಿ ಬಹುಪಾಲು ಕರಗಿಹೋಯಿತು. 1980ರಲ್ಲಿ ಅದನ್ನು ಅವರೇ ಪ್ರಕಟಿಸಿದರು. ಡಾಕ್ಟ್ಸ್ ಅಳತೆಯಲ್ಲಿ ವರ್ಷಕ್ಕೆ ಶೇ. 5ಕ್ಕಿಂತ ಕಡಿಮೆ ಜನ ಹೊರಹೋದರೆ ಪೂರ್ಣ ಅಂಕ.

ಈಗಿನ ಒಲವು ಬೇರೆ. ಆಸ್ಪತ್ರೆ ಸೇರದೆ ದಿನ ಕಳೆದು, ಮಾತ್ರೆ ತಾವೇ ನೋಡಿಕೊಂಡು, ತಿಂಗಳುಗಟ್ಟಲೆ ಕಡಿಮೆ ಭೇಟಿಯಲ್ಲೂ ಸರಿ ಇದ್ದವರನ್ನು ಹಂತಹಂತವಾಗಿ ದಾಟಿಸುತ್ತಾರೆ. ಕ್ಲಿನಿಕ್ಕಿನ ಮೊದಲ ಒಂದೆರಡು ಭೇಟಿಗೆ ಜೊತೆಯಲ್ಲಿ ಹೋಗಬೇಕು. ಕೆಟ್ಟರೆ ಸಾಲಿನಲ್ಲಿ ನಿಲ್ಲದೆ ವಾಪಸ್ ಬರಬಹುದು ಅಂತ ಬರಹದಲ್ಲಿ ಕೊಡಬೇಕು. ಆ ಕಾಗದ ಇಲ್ಲದಿದ್ದರೆ ಯಾರೂ ಹೊರಡಲು ಒಪ್ಪುವುದಿಲ್ಲ, ಒಪ್ಪದಿರುವುದು ಸರಿಯೇ.

ಹೊಸತಂಡ_ಕರಡು
ಕರಡು ತಿದ್ದಿದೆ: 56 ಜನ, ತಿಂಗಳಿಗೆ 6 ಸೇರ್ಪಡೆ, ದಿನಾ ಮೀಟಿಂಗ್, ರಾತ್ರಿ ಫೋನ್ ಸರದಿ. ಏಳು ಹುದ್ದೆ: ತಂಡದ ಮುಖ್ಯಸ್ಥರು, ನರ್ಸ್ ಇಬ್ಬರು, ವ್ಯಸನ, ಉದ್ಯೋಗ, ಒಡನಾಡಿ, ಸಮಾಜ ಕಾರ್ಯ ತಲಾ ಒಬ್ಬರು. ವೈದ್ಯರು ಅರ್ಧ ಹೊತ್ತು.

ಬಿಳಿಹಲಗೆ
ವೈದ್ಯರ ಅರ್ಧ ಹೊತ್ತನ್ನು ವಾರದಲ್ಲಿ ಎರಡೂವರೆ ದಿನ ಅಂತ ಮಾಡಬೇಡಿ. ಐದು ಅರ್ಧ ದಿನ, ಬೆಳಗ್ಗೆ. ಇಲ್ಲದಿದ್ದರೆ ಅವರು ಮೀಟಿಂಗಿಗೆ ಸಿಗುವುದಿಲ್ಲ, ಹೊರಗಿನ ಭೇಟಿಗೂ ಸಿಗುವುದಿಲ್ಲ.

ಸೂಜಿಮೊನೆ
ಇಬ್ಬರು ನರ್ಸ್ ಒಮ್ಮಿಗೇ ರಜಾ ಹಾಕಂಗಿಲ್ಲ ಅಂತನೂ ಬರೀರಿ. ಇಂಜೆಕ್ಷನ್ ಕ್ಯಾಲೆಂಡರ್ ನೋಡಿ ರಜಾ.